ಮಾಜಿ ಸೈನಿಕರ ಮಾನಸಿಕ ಪುನರ್ವಸತಿಯಲ್ಲಿ ದಾದಿಯ ಪಾತ್ರ

ಯುದ್ಧದಲ್ಲಿ ಗಾಯಗೊಂಡ ಯೋಧನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೈಯನ್ನೋ ಕಾಲನ್ನೋ ಕಳೆದುಕೊಂಡು ಊರುಗೋಲಿನ ಆಶ್ರಯದಲ್ಲಿ ನಡೆಯುವ ವ್ಯಕ್ತಿಯ ಚಿತ್ರ. ಆ ಗಾಯ ಎಲ್ಲರಿಗೂ ಕಾಣುತ್ತದೆ. ಆದುದರಿಂದ ಸಮಾಜ ಅದಕ್ಕೆ ಮರುಗುತ್ತದೆ, ಸರಕಾರ ಅದಕ್ಕೆ ಪರಿಹಾರ ನೀಡುತ್ತದೆ. ಆದರೆ ಕಣ್ಣಿಗೆ ಕಾಣದ ಗಾಯವೂ ಒಂದುಂಟು. ಕದನ ನಿಂತು ಎಷ್ಟೋ ವರ್ಷಗಳಾದ ಮೇಲೂ ರಾತ್ರಿ ನಿದ್ರೆಯಲ್ಲಿ ಚೀರಿ ಏಳುವ, ಪಟಾಕಿಯ ಸದ್ದಿಗೆ ನೆಲಕ್ಕೆ ಬೀಳುವ, ಮರೆಯಲೆಂದು ಮದ್ಯಕ್ಕೆ ಶರಣಾಗಿ ಹೆಂಡತಿ ಮಕ್ಕಳಿಂದ ದೂರವಾಗುವ ಯೋಧರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇಂಥವರಿಗೆ ಔಷಧಿಯೊಂದೇ ಸಾಲದು. ಬದುಕನ್ನು ಮತ್ತೆ ಕಟ್ಟಿಕೊಳ್ಳಲು ಒಂದು ನೆಲೆ, ಒಂದು ದಿನಚರಿ ಮತ್ತು ಜೊತೆಗಿರುವ ಜನ ಬೇಕು. ಈ ಉದ್ದೇಶದಿಂದ ಹುಟ್ಟಿದವೇ ವಸತಿಸಹಿತ ಮಾನಸಿಕ ಪುನರ್ವಸತಿ ಕೇಂದ್ರಗಳು.

ಇಂಥ ಕೇಂದ್ರಗಳ ದೀರ್ಘ ಪರಂಪರೆಯನ್ನುಳ್ಳ ದೇಶ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿನ ಕೇಂದ್ರಗಳಲ್ಲಿ ಮನೋವೈದ್ಯರ ಹೆಸರು ಫಲಕದ ಮೇಲಿರುತ್ತದೆ. ಆದರೆ ಹಗಲಿರುಳೂ ನಿವಾಸಿಗಳ ನಡುವೆ ಇದ್ದು ಅವರನ್ನು ಕಾಣುವವಳು ದಾದಿ. ಆಕೆಯ ಕೆಲಸ ಯಾವ ಬಗೆಯದು, ಅದರಲ್ಲಿ ಯಾವ ವಿವೇಕ ಬೇಕು, ಅದರಿಂದ ನಾವು ಕಲಿಯಬಹುದಾದುದೇನು ಎಂಬುದನ್ನು ಸಂಕ್ಷೇಪವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಇತಿಹಾಸದ ಹಿನ್ನೆಲೆ

ಅಮೆರಿಕದ ಅಂತರ್ಯುದ್ಧ ೧೮೬೧ರಿಂದ ೧೮೬೫ರವರೆಗೆ ನಡೆಯಿತು. ಅದು ಮುಗಿಯುವ ಮುನ್ನವೇ, ೧೮೬೫ನೆಯ ಇಸವಿ ಮಾರ್ಚ್ ೩ರಂದು, ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಅಂಗವಿಕಲರಾದ ಸ್ವಯಂಸೇವಕ ಸೈನಿಕರಿಗಾಗಿ ರಾಷ್ಟ್ರೀಯ ಆಶ್ರಯಧಾಮವನ್ನು ಸ್ಥಾಪಿಸುವ ಶಾಸನಕ್ಕೆ ಸಹಿ ಹಾಕಿದರು. ಅದರ ಮೊದಲ ಶಾಖೆ ಮೇನ್ ರಾಜ್ಯದ ಟೋಗಸ್ ಎಂಬಲ್ಲಿ ೧೮೬೬ರಲ್ಲಿ ಆರಂಭವಾಯಿತು. ಮುಂದೆ ಒಹಾಯೋ ರಾಜ್ಯದ ಡೇಟನ್, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಮೊದಲಾದ ಕಡೆಗಳಲ್ಲಿ ಶಾಖೆಗಳು ತೆರೆದವು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆರಂಭದಲ್ಲಿ ಈ ಸಂಸ್ಥೆಯ ಹೆಸರಿನಲ್ಲಿ ‘ಅಸೈಲಂ’ ಎಂಬ ಮಾತಿತ್ತು; ೧೮೭೩ರಲ್ಲಿ ಅದನ್ನು ತೆಗೆದು ‘ಹೋಮ್’, ಅಂದರೆ ‘ಮನೆ’, ಎಂಬ ಮಾತನ್ನು ಇರಿಸಿದರು. ಹೆಸರು ಬದಲಾದಷ್ಟು ಬೇಗ ರೀತಿ ಬದಲಾಗಲಿಲ್ಲ. ಅಲ್ಲಿಯ ನಿವಾಸಿಗಳು ಬಹುಕಾಲ ಸಮವಸ್ತ್ರ ಧರಿಸಿ ಸೈನ್ಯದ ಶಿಸ್ತಿನಲ್ಲಿಯೇ ದಿನ ಕಳೆಯುತ್ತಿದ್ದರು. ಆದರೂ ಯೋಧನಿಗೆ ಬೇಕಾದುದು ಬಂಧನವಲ್ಲ, ಮನೆ, ಎಂಬ ವಿಚಾರ ಅಂದೇ ಹೆಸರಿನಲ್ಲಿ ದಾಖಲಾಯಿತು.

ಮನಸ್ಸಿನ ಗಾಯವನ್ನು ಗುರುತಿಸಲು ವೈದ್ಯಶಾಸ್ತ್ರಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಫಿಲಡೆಲ್ಫಿಯಾದ ವೈದ್ಯ ಜೇಕಬ್ ಡಾ ಕೋಸ್ಟಾ ಅವರು ೧೮೭೧ರಲ್ಲಿ ಎದೆಬಡಿತ, ಆಯಾಸ, ಉಸಿರು ಕಟ್ಟುವಿಕೆಗಳಿಂದ ನರಳುತ್ತಿದ್ದ ಸೈನಿಕರ ಬಗ್ಗೆ ಬರೆದು, ಅದನ್ನು ಹೃದಯದ ಕಾಯಿಲೆಯ ಒಂದು ಬಗೆಯೆಂದು ಹೆಸರಿಸಿದರು. ಮೊದಲ ಮಹಾಯುದ್ಧದಲ್ಲಿ ‘ಶೆಲ್ ಶಾಕ್’ ಎಂಬ ಮಾತು ಬಂದಿತು. ಬ್ರಿಟನ್ನಿನ ಚಾರ್ಲ್ಸ್ ಮೈಯರ್ಸ್ ಅವರು ೧೯೧೫ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಹೇಡಿತನವೆಂದು ಇದನ್ನು ಹೀಯಾಳಿಸಿದವರೂ ಅಂದು ಕಡಮೆಯಿರಲಿಲ್ಲ. ವಿಯೆಟ್ನಾಂ ಯುದ್ಧ ೧೯೭೫ರಲ್ಲಿ ಕೊನೆಗೊಂಡ ಬಳಿಕ, ಊರಿಗೆ ಮರಳಿದ ಸಾವಿರಾರು ಯೋಧರ ಯಾತನೆ ಮರೆಮಾಚಲಾಗದಷ್ಟು ಸ್ಪಷ್ಟವಾಯಿತು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗವರ್ಗೀಕರಣ ಗ್ರಂಥದ ಮೂರನೆಯ ಆವೃತ್ತಿಯಲ್ಲಿ ಆಘಾತೋತ್ತರ ಒತ್ತಡದ ಬೇನೆಯನ್ನು, ಅಂದರೆ ಇಂದು ಎಲ್ಲರೂ ಪಿ.ಟಿ.ಎಸ್.ಡಿ. ಎಂದು ಕರೆಯುವ ಬೇನೆಯನ್ನು, ಸೇರಿಸಿತು.

ಈ ನಡುವೆ ಆಡಳಿತವೂ ಬದಲಾಯಿತು. ಹಳೆಯ ಆಶ್ರಯಧಾಮಗಳೂ ಇತರ ಕಚೇರಿಗಳೂ ೧೯೩೦ರಲ್ಲಿ ಒಂದಾಗಿ ಮಾಜಿ ಸೈನಿಕರ ಆಡಳಿತವೆಂಬ ಸಂಸ್ಥೆಯಾಯಿತು. ೧೯೮೯ರಲ್ಲಿ ಅದು ಸಂಪುಟ ದರ್ಜೆಯ ಇಲಾಖೆಯಾಯಿತು. ೧೯೯೫ರಿಂದ ಈ ಇಲಾಖೆ ಮನಸ್ಸಾಮಾಜಿಕ ಪುನರ್ವಸತಿಯನ್ನೇ ಗುರಿಯಾಗಿರಿಸಿಕೊಂಡ ವಸತಿ ಕೇಂದ್ರಗಳನ್ನು ಬೆಳೆಸಿತು. ಇಂದು ಹಳೆಯ ಆಶ್ರಯಧಾಮಗಳ ಪರಂಪರೆಯವೂ ಹೊಸವೂ ಸೇರಿ ಇನ್ನೂರಕ್ಕೂ ಹೆಚ್ಚು ಇಂಥ ಕಾರ್ಯಕ್ರಮಗಳು ಆ ದೇಶದಲ್ಲಿ ನಡೆಯುತ್ತಿವೆ.

ನಿವಾಸದ ಸ್ವರೂಪ

ಈ ಕೇಂದ್ರ ಆಸ್ಪತ್ರೆಯೂ ಅಲ್ಲ, ಪೂರ್ಣ ಅರ್ಥದಲ್ಲಿ ಮನೆಯೂ ಅಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿದ್ಯಾರ್ಥಿನಿಲಯಕ್ಕೆ ಅದನ್ನು ಹೋಲಿಸಬಹುದು. ಏಳುವುದಕ್ಕೆ ಒಂದು ಹೊತ್ತು, ಊಟಕ್ಕೆ ಒಂದು ಹೊತ್ತು, ಹಂಚಿಕೊಂಡ ಕೋಣೆ, ಹಾಸಿಗೆಯನ್ನು ತಾನೇ ಸರಿಪಡಿಸಿ ಬಟ್ಟೆಯನ್ನು ತಾನೇ ಒಗೆಯುವ ಪದ್ಧತಿ, ಹೊರಗೆ ಹೋಗಿಬರಲು ನಿಯಮ ಇವೆಲ್ಲ ಅಲ್ಲಿಯೂ ಇವೆ. ಮಾನಸಿಕ ಆಸ್ಪತ್ರೆಯ ಬೀಗ ಹಾಕಿದ ವಾರ್ಡು ತೀವ್ರ ಸ್ಥಿತಿಯಲ್ಲಿರುವವರಿಗೆ. ಈ ನಿವಾಸವಾದರೋ ಆ ಸ್ಥಿತಿಯನ್ನು ದಾಟಿದವರಿಗೆ, ಆದರೆ ಒಬ್ಬರೇ ಬಾಳಲು ಇನ್ನೂ ಸಿದ್ಧರಾಗದವರಿಗೆ. ಪಿ.ಟಿ.ಎಸ್.ಡಿ., ಖಿನ್ನತೆ, ಮದ್ಯ ಮತ್ತು ಮಾದಕ ವಸ್ತುಗಳ ಚಟ, ವಸತಿಹೀನತೆ ಇವುಗಳಲ್ಲಿ ಒಂದಲ್ಲ, ಎರಡು ಮೂರು ಸೇರಿ ಒಬ್ಬನಲ್ಲಿಯೇ ಇರುವುದು ಸಾಮಾನ್ಯ. ವಾಸ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಇರಬಹುದು.

ಹಗಲಿನಲ್ಲಿ ಗುಂಪು ಚರ್ಚೆ, ವೈಯಕ್ತಿಕ ಮನೋಚಿಕಿತ್ಸೆ, ವ್ಯಾಯಾಮ, ಕಸಬಿನ ತರಬೇತಿ ನಡೆಯುತ್ತವೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಔಷಧಿ ತಜ್ಞರು ಸಂಜೆಯ ಹೊತ್ತಿಗೆ ಮನೆಗೆ ಹೋಗುತ್ತಾರೆ. ಉಳಿದ ಹೊತ್ತೆಲ್ಲ ದಾದಿಯರದೂ ಸಹಾಯಕ ಸಿಬ್ಬಂದಿಯದೂ ಆಗಿರುತ್ತದೆ. ಯೋಧನ ಸಂಕಟ ಸಂಜೆ ಐದಕ್ಕೆ ಮುಗಿಯುವಂಥದಲ್ಲ. ಹಗಲಿಗಿಂತ ರಾತ್ರಿ, ಕೆಲಸದ ದಿನಕ್ಕಿಂತ ರಜಾದಿನ ಅದು ಹೆಚ್ಚು ಬಾಧಿಸುತ್ತದೆ.

ಪ್ರಾಕ್ಟಿಕಲ್ ನರ್ಸ್ ಎಂದರೆ ಯಾರು?

ಅಮೆರಿಕದಲ್ಲಿ ದಾದಿಯರಲ್ಲಿ ಎರಡು ಮುಖ್ಯ ವರ್ಗಗಳಿವೆ. ರಿಜಿಸ್ಟರ್ಡ್ ನರ್ಸ್ ಎರಡರಿಂದ ನಾಲ್ಕು ವರ್ಷ ಓದಿದವಳು. ಪ್ರಾಕ್ಟಿಕಲ್ ನರ್ಸ್ ಸುಮಾರು ಒಂದು ವರ್ಷದ ತರಬೇತಿ ಪಡೆದು, ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ, ರಾಜ್ಯದ ಲೈಸೆನ್ಸ್ ಪಡೆದವಳು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್ ರಾಜ್ಯಗಳಲ್ಲಿ ಇದೇ ವರ್ಗವನ್ನು ವೊಕೇಷನಲ್ ನರ್ಸ್ ಎಂದು ಕರೆಯುತ್ತಾರೆ. ಪುರುಷರೂ ಈ ವೃತ್ತಿಯಲ್ಲಿದ್ದಾರೆ. ಮಾಜಿ ಸೈನಿಕರೇ ಅನೇಕರು ಈ ಕೆಲಸಕ್ಕೆ ಬರುವುದುಂಟು. ಬರವಣಿಗೆಯ ಅನುಕೂಲಕ್ಕಾಗಿ ಇಲ್ಲಿ ‘ದಾದಿ’ ಎಂಬ ಮಾತನ್ನೇ ಬಳಸಲಾಗಿದೆ.

ಪ್ರಾಕ್ಟಿಕಲ್ ನರ್ಸಿನ ಅಧಿಕಾರಕ್ಕೆ ಮಿತಿಯಿದೆ. ರೋಗಿಯ ಸಮಗ್ರ ಪರಿಶೀಲನೆ ಮಾಡಿ ಶುಶ್ರೂಷೆಯ ಯೋಜನೆಯನ್ನು ರೂಪಿಸುವುದು ರಿಜಿಸ್ಟರ್ಡ್ ನರ್ಸಿನ ಹೊಣೆ. ಔಷಧಿ ಕೊಡುವುದು, ರಕ್ತದೊತ್ತಡ, ನಾಡಿ, ತೂಕ, ರಕ್ತದ ಸಕ್ಕರೆಗಳನ್ನು ಅಳೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಕಂಡುದನ್ನು ಬರೆದಿಟ್ಟು ಮೇಲಿನವರಿಗೆ ತಿಳಿಸುವುದು ಪ್ರಾಕ್ಟಿಕಲ್ ನರ್ಸಿನ ಕೆಲಸ. ಇಷ್ಟನ್ನೇ ಕೇಳಿದವರು ಇದೊಂದು ಸಣ್ಣ ಕೆಲಸವೆಂದು ಭಾವಿಸಬಹುದು. ಆದರೆ ತಂಡದವರೆಲ್ಲರಲ್ಲಿ ನಿವಾಸಿಯನ್ನು ಅತ್ಯಂತ ಹೆಚ್ಚು ಹೊತ್ತು ನೋಡುವವರ ಸಾಲಿನಲ್ಲಿ ಆಕೆ ಇದ್ದಾಳೆ. ವೈದ್ಯರ ತೀರ್ಮಾನ ಆಕೆಯ ಕಣ್ಣನ್ನು ಅವಲಂಬಿಸಿದೆ.

ಆದುದರಿಂದ ಆಕೆ ಬರೆಯುವ ಟಿಪ್ಪಣಿ ಬಹು ಮುಖ್ಯ. ‘ನಿವಾಸಿ ಒರಟಾಗಿ ವರ್ತಿಸಿದರು’ ಎಂದು ಬರೆದರೆ ಅದು ದಾದಿಯ ಬೇಸರವನ್ನು ತಿಳಿಸುತ್ತದೆಯೇ ಹೊರತು ನಿವಾಸಿಯ ಸ್ಥಿತಿಯನ್ನಲ್ಲ. ‘ಬೆಳಗ್ಗೆ ೭ ಗಂಟೆಗೆ ಮಾತ್ರೆ ಬೇಡವೆಂದರು; ರಾತ್ರಿ ಮೂರು ಬಾರಿ ಎದ್ದಿದ್ದರು; ಕೈ ನಡುಗುತ್ತಿತ್ತು; ರಕ್ತದೊತ್ತಡ ೧೬೮/೧೦೪; ೭-೧೦ಕ್ಕೆ ರಿಜಿಸ್ಟರ್ಡ್ ನರ್ಸಿಗೆ ತಿಳಿಸಲಾಯಿತು’ ಎಂದು ಬರೆದರೆ ಅದೇ ಒರಟುತನದ ಹಿಂದೆ ಮದ್ಯ ಬಿಟ್ಟುದರ ಪರಿಣಾಮವಿರಬಹುದೆಂಬುದು ಓದಿದ ಕೂಡಲೇ ಹೊಳೆಯುತ್ತದೆ. ಮೊದಲನೆಯ ಟಿಪ್ಪಣಿಯಿಂದ ಆತನಿಗೆ ಛೀಮಾರಿ ದೊರೆಯಬಹುದು. ಎರಡನೆಯದರಿಂದ ಚಿಕಿತ್ಸೆ ದೊರೆಯುತ್ತದೆ.

ಔಷಧಿಯ ಹೊಣೆ ಕೈ ಬದಲಾಗುವ ಬಗೆ

ಆಸ್ಪತ್ರೆಯ ಶುಶ್ರೂಷೆಗೂ ಪುನರ್ವಸತಿಯ ಶುಶ್ರೂಷೆಗೂ ಇರುವ ವ್ಯತ್ಯಾಸ ಔಷಧಿಯ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಸ್ಪತ್ರೆಯಲ್ಲಿ ಒಳ್ಳೆಯ ದಾದಿ ಸರಿಯಾದ ಮಾತ್ರೆಯನ್ನು ಸರಿಯಾದ ಹೊತ್ತಿಗೆ ರೋಗಿಯ ಕೈಗೆ ಕೊಡುತ್ತಾಳೆ. ಪುನರ್ವಸತಿ ನಿವಾಸದಲ್ಲಿ ಒಳ್ಳೆಯ ದಾದಿ, ತಾನು ಕೊಡದಿದ್ದರೂ ಆತನೇ ಸರಿಯಾದ ಹೊತ್ತಿಗೆ ತೆಗೆದುಕೊಳ್ಳುವಂತೆ ಮಾಡುತ್ತಾಳೆ. ಏಕೆಂದರೆ ಕೆಲವೇ ವಾರಗಳಲ್ಲಿ ಆತ ಹೊರಗೆ ಹೋಗಬೇಕು. ಅಲ್ಲಿ ಬೆಳಗ್ಗೆ ಏಳಕ್ಕೆ ಬಟ್ಟಲು ಹಿಡಿದು ನಿಲ್ಲುವವರು ಯಾರೂ ಇರುವುದಿಲ್ಲ.

ಈ ಹೊಣೆ ಹಂತ ಹಂತವಾಗಿ ಆತನ ಕೈಗೆ ಸಾಗುತ್ತದೆ. ಮೊದಲ ಹಂತದಲ್ಲಿ ಔಷಧಿ ದಾದಿಯ ವಶದಲ್ಲಿರುತ್ತದೆ. ಪ್ರತಿ ಸಲವೂ ಆಕೆಯೇ ಕೊಡುತ್ತಾಳೆ. ಕೊಡುವಾಗ ಸುಮ್ಮನೆ ಕೊಡದೆ, ‘ಇದು ಯಾವ ಮಾತ್ರೆ, ಏತಕ್ಕಾಗಿ ತೆಗೆದುಕೊಳ್ಳುತ್ತಿದ್ದೀರಿ?’ ಎಂದು ಕೇಳುತ್ತಾಳೆ. ಎರಡನೆಯ ಹಂತದಲ್ಲಿ ಕೆಲವು ದಿನಗಳಿಗಾಗುವಷ್ಟು ಔಷಧಿಯನ್ನು ಆತನಿಗೇ ಕೊಟ್ಟು, ದಿನಗಳ ಹೆಸರಿರುವ ಪೆಟ್ಟಿಗೆಯಲ್ಲಿ ಆಕೆಯ ಎದುರಿನಲ್ಲಿಯೇ ತುಂಬಿಸುತ್ತಾರೆ. ಆಗಾಗ ಎಣಿಸಿ ನೋಡುತ್ತಾರೆ. ಮೂರನೆಯ ಹಂತದಲ್ಲಿ ಆತ ತನ್ನ ಕೋಣೆಯ ಬೀಗವಿರುವ ಪೆಟ್ಟಿಗೆಯಲ್ಲಿ ಔಷಧಿಯನ್ನಿಟ್ಟುಕೊಂಡು, ಮುಗಿಯುವ ಮುನ್ನ ತಾನೇ ಮತ್ತೆ ತರಿಸಿಕೊಳ್ಳುತ್ತಾನೆ. ಎರಡನೆಯ ಹಂತದಲ್ಲಿ ಎಡವಿದವನನ್ನು ಮೊದಲನೆಯದಕ್ಕೆ ತರುವುದುಂಟು. ಅದು ಶಿಕ್ಷೆಯೆಂದು ಆತನಿಗೆ ಅನಿಸದಂತೆ ನಡೆದುಕೊಳ್ಳುವುದರಲ್ಲಿಯೇ ದಾದಿಯ ಜಾಣ್ಮೆಯಿದೆ.

ಒಬ್ಬ ನಿವಾಸಿ ವಾರದ ಪೆಟ್ಟಿಗೆಯನ್ನು ತಪ್ಪಾಗಿ ತುಂಬುತ್ತಿದ್ದಾನೆಂದು ಭಾವಿಸೋಣ. ಆಕೆ ತಾನೇ ತುಂಬಿಬಿಟ್ಟರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆತನಿಂದಲೇ ಸರಿಪಡಿಸಿದರೆ ಇಪ್ಪತ್ತು ನಿಮಿಷ ಬೇಕು. ಆ ಹದಿನೆಂಟು ನಿಮಿಷಗಳೇ ಪುನರ್ವಸತಿ. ಸೈನ್ಯದಲ್ಲಿ ಯಂತ್ರಗಳನ್ನು ನಡೆಸಿದ, ಇತರರಿಗೆ ಆಜ್ಞೆ ನೀಡಿದ ವ್ಯಕ್ತಿಗೆ ತನ್ನ ಮಾತ್ರೆಯ ಲೆಕ್ಕವೂ ತನ್ನ ವಶದಲ್ಲಿಲ್ಲವೆಂಬುದು ಎಷ್ಟು ನೋವಿನ ಸಂಗತಿಯೆಂಬುದನ್ನು ಊಹಿಸಿಕೊಳ್ಳಬೇಕು.

ಆತ ಮಾತ್ರೆ ಬಿಡುತ್ತಿದ್ದರೆ ಏಕೆಂದು ಕೇಳಬೇಕು. ಖಿನ್ನತೆಯ ಔಷಧಿಗಳು ಫಲ ಕೊಡಲು ಕೆಲವು ವಾರಗಳೇ ಬೇಕು. ಅಡ್ಡ ಪರಿಣಾಮಗಳಾದರೋ ಮೊದಲ ದಿನಗಳಲ್ಲಿಯೇ ಬರುತ್ತವೆ. ದಾಂಪತ್ಯ ಜೀವನಕ್ಕೆ ತೊಡಕಾಗುವ ಪರಿಣಾಮಗಳನ್ನು ಹೇಳಿಕೊಳ್ಳಲು ನಾಚಿ ಔಷಧಿಯನ್ನು ಸದ್ದಿಲ್ಲದೆ ನಿಲ್ಲಿಸುವವರು ಉಂಟು. ‘ಇಂಥ ತೊಂದರೆ ಕೆಲವರಿಗೆ ಆಗುತ್ತದೆ, ಆದರೆ ವೈದ್ಯರು ಬದಲಾಯಿಸಬಲ್ಲರು’ ಎಂದು ದಾದಿಯೇ ಮೊದಲು ಹೇಳಿದರೆ ಆತನ ಸಂಕೋಚ ಕಳೆಯುತ್ತದೆ.

ದೇಹದ ಮೇಲಿನ ನಿಗಾ

ಮನಸ್ಸಿನ ಚಿಕಿತ್ಸೆಯ ಕೇಂದ್ರವೆಂದು ದೇಹವನ್ನು ಮರೆಯುವಂತಿಲ್ಲ. ಬಹುಕಾಲ ಮದ್ಯಪಾನ ಮಾಡಿದವನು ಒಮ್ಮೆಗೇ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ಕಳವಳಗಳು ಬರುತ್ತವೆ, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ದಿಕ್ಕು ತಪ್ಪಿ, ಇಲ್ಲದುದನ್ನು ಕಾಣುವ ಸನ್ನಿಯೂ ಬರಬಹುದು. ಇದು ಪ್ರಾಣಾಪಾಯದ ಸ್ಥಿತಿ. ಇದನ್ನು ಅಳೆಯಲು ಹತ್ತು ಅಂಶಗಳ ಪಟ್ಟಿಯೊಂದಿದೆ. ದಾದಿ ಗೊತ್ತಾದ ಹೊತ್ತಿಗೆ ಅಂಕಗಳನ್ನು ಹಾಕಿ, ಅಂಕ ಏರಿದೊಡನೆ ಮೇಲಿನವರಿಗೆ ತಿಳಿಸಿ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡಬೇಕು.

ಪ್ರತಿ ಔಷಧಿಗೂ ಅದರದೇ ಎಚ್ಚರಿಕೆಯಿದೆ. ದುಃಸ್ವಪ್ನಗಳಿಗಾಗಿ ಕೆಲವರಿಗೆ ಕೊಡುವ ಪ್ರಜೋಸಿನ್ ಮೂಲತಃ ರಕ್ತದೊತ್ತಡದ ಮಾತ್ರೆ. ಮೊದಲ ಸಲ ತೆಗೆದುಕೊಂಡಾಗ ಎದ್ದು ನಿಂತೊಡನೆ ತಲೆ ಸುತ್ತಿ ಬೀಳುವ ಸಂಭವವುಂಟು. ರಾತ್ರಿ ಎದ್ದಾಗ ಸ್ವಲ್ಪ ಹೊತ್ತು ಮಂಚದ ಅಂಚಿನಲ್ಲಿ ಕುಳಿತು ಬಳಿಕ ನಿಲ್ಲುವಂತೆ ಕಲಿಸಬೇಕು. ಲಿಥಿಯಂ ತೆಗೆದುಕೊಳ್ಳುವವನು ಬಿಸಿಲಿನಲ್ಲಿ ಬೆವರಿ ನೀರು ಕುಡಿಯದಿದ್ದರೂ, ಮೈಕೈ ನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆಯನ್ನು ನುಂಗುತ್ತಿದ್ದರೂ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ಭೇದಿ, ನಡುಕ, ತೊದಲು ಮಾತು ಅದರ ಮುನ್ಸೂಚನೆಗಳು. ಮದ್ಯ ಬಿಡಿಸಲು ಕೊಡುವ ಡೈಸಲ್ಫಿರಾಮ್ ಇದ್ದಾಗ ಮದ್ಯಸಾರವಿರುವ ಕೆಮ್ಮಿನ ಔಷಧಿಯೂ ಕೂಡದು. ಚಿತ್ತವಿಕಾರಕ್ಕೆ ಕೊಡುವ ಕೆಲವು ಮಾತ್ರೆಗಳು ತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ಆದುದರಿಂದ ತಕ್ಕಡಿ, ಸೊಂಟದ ಅಳತೆಯ ಟೇಪು ಕೂಡ ಮಾನಸಿಕ ಶುಶ್ರೂಷೆಯ ಸಾಧನಗಳೇ ಆಗಿವೆ.

ರಾತ್ರಿಯ ಪಾಳಿ

ಯೋಧನಿಗೆ ರಾತ್ರಿ ಕಷ್ಟದ ಕಾಲ. ರಣರಂಗದಲ್ಲಿ ನಿದ್ರಿಸಿದವನು ಸಾಯುತ್ತಾನೆಂಬ ಪಾಠವನ್ನು ಆತನ ದೇಹ ಕಲಿತಿದೆ; ಅದನ್ನು ಮರೆಯಲು ಅದು ಸುಲಭವಾಗಿ ಒಪ್ಪುವುದಿಲ್ಲ. ರಾತ್ರಿ ನಿವಾಸಿಗಳು ಕ್ಷೇಮವಾಗಿದ್ದಾರೆಯೇ ಎಂದು ಕೋಣೆಕೋಣೆಗೆ ಹೋಗಿ ನೋಡುವುದು ದಾದಿಯ ಕರ್ತವ್ಯ. ಆದರೆ ಕತ್ತಲಲ್ಲಿ ಬಾಗಿಲು ತೆರೆದು ಮುಖಕ್ಕೆ ಬೆಳಕು ಬಿಡುವುದೇ ಒಂದು ಆಘಾತವಾಗಬಹುದು. ಹೀಗಾಗಿ ರಾತ್ರಿ ಎಷ್ಟು ಹೊತ್ತಿಗೆ ಬರುವೆನೆಂದು ಮೊದಲೇ ಹೇಳಿರುವುದು, ಹೆಜ್ಜೆಯ ಸದ್ದನ್ನು ಅಡಗಿಸದಿರುವುದು, ದೀಪವನ್ನು ನೆಲದ ಕಡೆಗೆ ಹಿಡಿಯುವುದು ಒಳ್ಳೆಯ ರೂಢಿಗಳು.

ದುಃಸ್ವಪ್ನದಲ್ಲಿ ಹೊರಳಾಡುತ್ತಿರುವವನನ್ನು ಭುಜ ಹಿಡಿದು ಅಲುಗಾಡಿಸಬಾರದು. ಎಚ್ಚರಗೊಳ್ಳುವ ಮೊದಲ ಕ್ಷಣದಲ್ಲಿ ಆತನಿಗೆ ತಾನಿರುವುದು ಎಲ್ಲಿ ಎಂಬುದು ತಿಳಿಯದು. ಮುಟ್ಟಿದ ಕೈ ಶತ್ರುವಿನದೆಂದು ಭಾವಿಸಿ ಹೊಡೆಯಬಹುದು. ಹೊಡೆದ ಬಳಿಕ ಆಗುವ ನಾಚಿಕೆ ಆತನಿಗೆ ಇನ್ನೊಂದು ಗಾಯ. ದಾದಿ ಮಂಚದ ಕಾಲ್ಬದಿಯಲ್ಲಿ, ಕೈಗೆ ಎಟುಕದಷ್ಟು ದೂರ ನಿಂತು, ಶಾಂತವಾದ ಧ್ವನಿಯಲ್ಲಿ ಹೆಸರು ಹಿಡಿದು ಕರೆಯಬೇಕು. ತಾನು ಯಾರೆಂಬುದನ್ನೂ, ಇದು ಯಾವ ಊರು, ಯಾವ ಹೊತ್ತು ಎಂಬುದನ್ನೂ ಹೇಳಬೇಕು. ಕನಸೇನೆಂದು ಆಗಲೇ ಕೆದಕುವುದು ಬೇಡ. ಎದ್ದು ಕುಳಿತವನಿಗೆ ಒಂದು ಲೋಟ ನೀರು ಕೊಟ್ಟು, ಬೇಕೆಂದರೆ ಹಜಾರದಲ್ಲಿ ಸ್ವಲ್ಪ ಹೊತ್ತು ಜೊತೆಗೆ ಕುಳಿತರೆ ಸಾಕು.

ನಿದ್ರಾಭಂಗಕ್ಕೆಲ್ಲ ಯುದ್ಧವೇ ಕಾರಣವೆಂದು ತಿಳಿಯುವುದೂ ತಪ್ಪು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಬೆಚ್ಚಿ ಏಳುವವನಿಗೆ ನಿದ್ರಾ ಶ್ವಾಸಬಂಧವೆಂಬ ಬೇರೆ ಕಾಯಿಲೆ ಇರಬಹುದು. ಅದನ್ನು ಕಿವಿಯಾರೆ ಕೇಳಿ ದಾಖಲಿಸಬಲ್ಲವಳು ರಾತ್ರಿ ಪಾಳಿಯ ದಾದಿಯೇ. ಗಾಳಿ ಊದುವ ಯಂತ್ರದ ಮುಖವಾಡವನ್ನು ಕೆಲವು ಯೋಧರು ಉಸಿರು ಕಟ್ಟಿಸುವ ವಸ್ತುವೆಂದು ಹೆದರಿ ಕಿತ್ತೆಸೆಯುತ್ತಾರೆ. ಹಗಲಿನಲ್ಲಿ, ಎಚ್ಚರವಿದ್ದಾಗ, ಕೆಲವೇ ನಿಮಿಷ ಧರಿಸಿ ಅಭ್ಯಾಸ ಮಾಡಿಸಿದರೆ ಹೆದರಿಕೆ ತಗ್ಗುತ್ತದೆ.

ಮಾತು ಮತ್ತು ಮೌನ

ಆಘಾತದ ನೆನಪನ್ನು ಎದುರಿಸಿಯೇ ಗೆಲ್ಲಬೇಕೆಂಬುದು ಇಂದಿನ ಪ್ರಮುಖ ಮನೋಚಿಕಿತ್ಸೆಗಳ ತತ್ತ್ವ. ಅವುಗಳಲ್ಲೊಂದರಲ್ಲಿ ರೋಗಿ ತನ್ನ ಅನುಭವವನ್ನು ವಿವರವಾಗಿ ಹೇಳಿ, ಅದರ ಧ್ವನಿಮುದ್ರಣವನ್ನು ತಾನೇ ಮತ್ತೆ ಮತ್ತೆ ಕೇಳಬೇಕು. ತಪ್ಪಿಸಿಕೊಳ್ಳುತ್ತಿದ್ದ ಜನಜಂಗುಳಿಗೆ ಹಂತ ಹಂತವಾಗಿ ಹೋಗಬೇಕು. ಈ ಚಿಕಿತ್ಸೆ ಆರಂಭವಾದ ದಿನಗಳಲ್ಲಿ ನಿದ್ರೆ ಕೆಡಬಹುದು, ಸಿಡುಕು ಹೆಚ್ಚಬಹುದು. ಇದನ್ನು ತಿಳಿಯದ ದಾದಿ ‘ಇಷ್ಟು ಕಷ್ಟವಾದರೆ ಬಿಟ್ಟುಬಿಡಿ’ ಎಂದರೆ ಆತನ ಅರ್ಧ ಹಾದಿಯ ಪ್ರಯತ್ನ ಮಣ್ಣುಗೂಡುತ್ತದೆ. ತಿಳಿದವಳು ‘ಈ ವಾರ ಕಷ್ಟವೇ ಸರಿ, ಇದು ನಿರೀಕ್ಷಿತವೇ. ನಾಳೆ ಚಿಕಿತ್ಸಕರಿಗೆ ಇದನ್ನು ಹೇಳಿ’ ಎನ್ನುತ್ತಾಳೆ.

ಎಂಥ ಮಾತನ್ನು ಆಡಬಾರದೆಂಬುದೂ ಮುಖ್ಯ. ‘ನೀವು ಯಾರನ್ನಾದರೂ ಕೊಂದಿದ್ದೀರಾ?’ ಎಂಬ ಕುತೂಹಲದ ಪ್ರಶ್ನೆ ಕೂಡದು. ‘ನಿಮ್ಮ ನೋವು ನನಗೆ ಗೊತ್ತು’ ಎಂಬ ಮಾತೂ ನಿಜವಲ್ಲ. ಎಲ್ಲ ಯೋಧರ ಸಂಕಟವೂ ಭಯದಿಂದ ಬಂದುದಲ್ಲ. ತಾನು ಮಾಡಿದುದರ ಬಗೆಗೆ, ತಡೆಯಲಾಗದುದರ ಬಗೆಗೆ, ತನ್ನವರೇ ತನಗೆ ಬಗೆದ ದ್ರೋಹದ ಬಗೆಗೆ ಒಳಗೊಳಗೇ ಬೇಯುವ ಸಂಕಟವೂ ಉಂಟು. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ಅವರು ೧೯೯೦ರ ದಶಕದಲ್ಲಿ ಇದನ್ನು ನೈತಿಕ ಗಾಯವೆಂದು ಕರೆದರು. ಇಂಥವನಿಗೆ ‘ನಿಮ್ಮದೇನೂ ತಪ್ಪಿಲ್ಲ ಬಿಡಿ’ ಎಂಬ ಅವಸರದ ಸಮಾಧಾನ ಬಾಯಿ ಮುಚ್ಚಿಸಿದಂತಾಗುತ್ತದೆ. ಮುಖ ತಿರುಗಿಸದೆ, ತೀರ್ಪು ಕೊಡದೆ ಕೇಳಿಸಿಕೊಳ್ಳುವುದೇ ಅಲ್ಲಿ ಶುಶ್ರೂಷೆ.

ಪ್ರಾಣರಕ್ಷಣೆಯ ಹೊಣೆ

ಈ ಕೆಲಸದಲ್ಲಿ ಪಣಕ್ಕಿರುವುದು ಪ್ರಾಣವೇ. ಆತ್ಮಹತ್ಯೆಯ ವಿಚಾರವಿದೆಯೇ ಎಂದು ಕೇಳಿದರೆ ಆ ವಿಚಾರವನ್ನು ತಲೆಗೆ ತುಂಬಿದಂತಾಗುವುದೆಂಬ ಭಯ ಅನೇಕರಲ್ಲಿದೆ. ಅದಕ್ಕೆ ಆಧಾರವಿಲ್ಲ. ಸುತ್ತುಬಳಸಿಲ್ಲದೆ, ಸ್ಪಷ್ಟ ಮಾತಿನಲ್ಲಿ ಕೇಳಬೇಕು. ಹೌದೆಂದರೆ ಯಾವಾಗ, ಹೇಗೆಂದು ಯೋಚಿಸಿದ್ದಾರೆಂಬುದನ್ನೂ ಕೇಳಬೇಕು. ಒಬ್ಬರನ್ನೇ ಬಿಟ್ಟು ಹೋಗದೆ ಕೂಡಲೇ ಮೇಲಿನವರಿಗೆ ತಿಳಿಸಬೇಕು. ‘ಯಾರಿಗೂ ಹೇಳಬೇಡಿ’ ಎಂದು ನಿವಾಸಿ ಬೇಡಿಕೊಂಡರೂ ಆ ಭಾಷೆಯನ್ನು ಕೊಡಕೂಡದು. ಅಮೆರಿಕದ ಮಾಜಿ ಸೈನಿಕರ ಆತ್ಮಹತ್ಯೆಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬಂದೂಕಿನಿಂದ ಆಗುವುದರಿಂದ, ಬಿಡುಗಡೆಯ ಮುನ್ನ ಮನೆಯ ಬಂದೂಕಿಗೆ ಬೀಗ ಹಾಕುವ, ಇನ್ನೊಬ್ಬರ ವಶಕ್ಕೆ ಕೊಡುವ ಮಾತನ್ನು ಎತ್ತುವುದೂ ಅಲ್ಲಿಯ ಶುಶ್ರೂಷೆಯ ಭಾಗವಾಗಿದೆ.

ಇನ್ನೊಂದು ಅಪಾಯ ಬಿಡುಗಡೆಯ ಹೊತ್ತಿನಲ್ಲಿಯೇ ಅಡಗಿದೆ. ಅಫೀಮಿನ ಜಾತಿಯ ಮಾದಕ ವಸ್ತುಗಳನ್ನು ಕೆಲವು ವಾರ ಬಿಟ್ಟವನ ದೇಹ ಹಳೆಯ ಸಹಿಷ್ಣುತೆಯನ್ನು ಕಳೆದುಕೊಂಡಿರುತ್ತದೆ. ಹೊರಗೆ ಹೋಗಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಮೂಗಿಗೆ ಸಿಂಪಡಿಸುವ ನಲಾಕ್ಸೋನ್ ಔಷಧಿಯನ್ನು ಕೈಗೆ ಕೊಟ್ಟು, ಅದನ್ನು ಬಳಸುವ ಬಗೆಯನ್ನು ಆತನ ಮನೆಯವರಿಗೂ ಕಲಿಸುತ್ತಾರೆ. ‘ಇದನ್ನು ಕೊಟ್ಟರೆ ಚಟಕ್ಕೆ ಒಪ್ಪಿಗೆ ಕೊಟ್ಟಂತಲ್ಲವೇ?’ ಎಂದು ಕೇಳುವವರುಂಟು. ಸತ್ತವನಿಗೆ ಪುನರ್ವಸತಿಯಿಲ್ಲ ಎಂಬುದೇ ಅದಕ್ಕೆ ಉತ್ತರ.

ಹೀಗೆ ದಾದಿಯ ಕೆಲಸದಲ್ಲಿ ಎರಡು ಎಳೆಗಳು ಒಂದನ್ನೊಂದು ಎಳೆಯುತ್ತವೆ. ಉಸಿರಿನಲ್ಲಿ ಮದ್ಯವಿದೆಯೇ ಎಂದು ಪರೀಕ್ಷಿಸುವವಳೂ, ಕೋಣೆಯಲ್ಲಿ ನಿಷಿದ್ಧ ವಸ್ತುಗಳಿವೆಯೇ ಎಂದು ನೋಡುವವಳೂ ಆಕೆಯೇ. ‘ನಿಮ್ಮನ್ನು ನಂಬುತ್ತೇನೆ’ ಎಂದು ಔಷಧಿಯ ಬೀಗದ ಕೈಯನ್ನು ಕೊಡುವವಳೂ ಆಕೆಯೇ. ನಿಗಾ ಹೆಚ್ಚಾದರೆ ನಿವಾಸ ಸೆರೆಮನೆಯಾಗುತ್ತದೆ. ನಂಬಿಕೆ ವಿವೇಕವಿಲ್ಲದ್ದಾದರೆ ಪ್ರಾಣ ಹೋಗುತ್ತದೆ. ಪರೀಕ್ಷೆಯನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ, ಮೊದಲೇ ತಿಳಿಸಿ, ಅವಮಾನವಾಗದಂತೆ ಮಾಡಿದರೆ ನಿಗಾ ಮತ್ತು ಗೌರವ ಜೊತೆಯಾಗಿ ನಿಲ್ಲಬಲ್ಲವು. ಎಂದು ಹಿಡಿಯಬೇಕು, ಎಂದು ಬಿಡಬೇಕು ಎಂಬ ಈ ವಿವೇಕವೇ ಪುನರ್ವಸತಿ ಶುಶ್ರೂಷೆಯ ಸಾರ.

ನಮ್ಮ ನಾಡಿನ ಸಂದರ್ಭ

ಕೊಡಗು, ಬೆಳಗಾವಿ ಮೊದಲಾದ ಜಿಲ್ಲೆಗಳ ಎಷ್ಟೋ ಮನೆಗಳಿಂದ ತಲೆಮಾರುಗಳಿಂದ ಸೈನ್ಯಕ್ಕೆ ಸೇರುತ್ತ ಬಂದಿದ್ದಾರೆ. ನಮ್ಮ ಜವಾನರು ಇನ್ನೂ ದುಡಿಯುವ ವಯಸ್ಸಿನಲ್ಲಿಯೇ ನಿವೃತ್ತರಾಗಿ ಊರಿಗೆ ಮರಳುತ್ತಾರೆ. ಅವರ ಚಿಕಿತ್ಸೆಗಾಗಿ ೨೦೦೩ರಿಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯಿದೆ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಮನೋವೈದ್ಯಕೀಯ ಶುಶ್ರೂಷೆಯ ಶಿಕ್ಷಣ ಅಲ್ಲಿ ೧೯೫೦ರ ದಶಕದಿಂದಲೇ ನಡೆಯುತ್ತಿದೆ. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಮಾನಸಿಕ ರೋಗಿಗೆ ಸಮಾಜದ ನಡುವೆ ಬಾಳುವ ಹಕ್ಕನ್ನು ಕೊಟ್ಟು, ಆಸ್ಪತ್ರೆಗೂ ಮನೆಗೂ ನಡುವಣ ವಸತಿಗಳನ್ನು ಒದಗಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ೨೦೨೨ರ ಅಕ್ಟೋಬರ್‌ನಿಂದ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಯಾರು ಬೇಕಾದರೂ ಕನ್ನಡದಲ್ಲಿಯೇ ಮಾನಸಿಕ ಸಲಹೆ ಪಡೆಯುವ ‘ಟೆಲಿ ಮಾನಸ್’ ಸೇವೆ ಬಂದಿದೆ.

ಆದರೆ ನಮ್ಮಲ್ಲಿ ನಿವೃತ್ತ ಯೋಧನ ರಾತ್ರಿ ಪಾಳಿಯ ದಾದಿ ಬಹುತೇಕ ಆತನ ಹೆಂಡತಿ, ತಾಯಿ ಅಥವಾ ಮಗಳೇ ಆಗಿರುತ್ತಾಳೆ. ಆಕೆಗೆ ಯಾವ ತರಬೇತಿಯೂ ಇಲ್ಲ. ಮೇಲೆ ಹೇಳಿದ ಸಂಗತಿಗಳಲ್ಲಿ ಹಲವು ಆಕೆಗೂ ಉಪಯುಕ್ತ. ಕನಸಿನಲ್ಲಿ ಚೀರುವವರನ್ನು ಮುಟ್ಟದೆ ಹೆಸರು ಹಿಡಿದು ಕರೆಯಬೇಕು. ಬಹುಕಾಲದ ಕುಡಿತವನ್ನು ವೈದ್ಯರ ಸಲಹೆಯಿಲ್ಲದೆ ಒಮ್ಮೆಗೇ ನಿಲ್ಲಿಸುವಂತೆ ಹಠ ಹಿಡಿಯಬಾರದು. ಮಾತ್ರೆ ಬಿಟ್ಟರೆ ಗದರದೆ ಕಾರಣ ಕೇಳಬೇಕು. ಸಾಯುವ ಮಾತು ಬಂದರೆ ಹುಡುಗಾಟವೆಂದು ತಳ್ಳದೆ ನೆರವು ಕರೆಯಬೇಕು. ಮನೆಯ ಲೆಕ್ಕ, ತೋಟದ ಕೆಲಸ, ಮಕ್ಕಳ ಪಾಠ, ಹೀಗೆ ಒಂದೊಂದೇ ಹೊಣೆಯನ್ನು ಅವರ ಕೈಗೆ ಮರಳಿ ಕೊಡುತ್ತ ಬರಬೇಕು. ಎಲ್ಲವನ್ನೂ ತಾವೇ ಮಾಡಿಬಿಡುವ ಪ್ರೀತಿ ಕೆಲವೊಮ್ಮೆ ರೋಗವನ್ನು ಬೆಳೆಸುತ್ತದೆ. ಆರೈಕೆ ಮಾಡುವವರಿಗೂ ನಿದ್ರೆ ಬೇಕು, ಮಾತನಾಡಿಕೊಳ್ಳಲು ಒಬ್ಬರು ಬೇಕು ಎಂಬುದನ್ನು ಮನೆಯ ಇತರರು ಮರೆಯಬಾರದು.

ಉಪಸಂಹಾರ

ಯೋಧನನ್ನು ಕಳಿಸುವಾಗ ಹಾರ ಹಾಕುವುದು ಸುಲಭ. ಆತ ಮರಳಿ ಬಂದು, ಮಾತು ಕಡಮೆ ಮಾಡಿ, ಮೂಲೆಯಲ್ಲಿ ಬೆನ್ನನ್ನು ಗೋಡೆಗೆ ಕೊಟ್ಟು ಕುಳಿತಾಗ ಜೊತೆಗಿರುವುದು ಕಷ್ಟ. ಆ ಕಷ್ಟದ ಕೆಲಸವನ್ನು ವೃತ್ತಿಯಾಗಿ ಸ್ವೀಕರಿಸಿದವರು ಈ ದಾದಿಯರು. ನಮ್ಮ ಶಾಲೆಯಿಂದ ಹೊರಬೀಳುವ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ವೈದ್ಯರಾಗಬಯಸುವವರು ಬಹಳ. ಶುಶ್ರೂಷೆಯನ್ನು, ಅದರಲ್ಲಿಯೂ ಮನೋವೈದ್ಯಕೀಯ ಶುಶ್ರೂಷೆಯನ್ನು, ಮೊದಲ ಆಯ್ಕೆಯೆಂದು ಹೇಳುವವರು ವಿರಳ. ಮನಸ್ಸು ಮುರಿದವನಿಗೆ ಆತನ ದಿನವನ್ನು ಆತನ ಕೈಗೇ ಮರಳಿ ಕೊಡುವ ಈ ವೃತ್ತಿಗೆ ಕೆಲವರಾದರೂ ಮನಸ್ಸು ಮಾಡುವುದಾದರೆ, ನಾಳೆ ನಮ್ಮ ನಾಡಿನಲ್ಲಿಯೂ ಇಂಥ ನಿವಾಸಗಳು ಏಳುವಾಗ ಅವುಗಳನ್ನು ನಡೆಸುವ ಕೈಗಳಿಗೆ ಕೊರತೆಯಾಗದು.